ಕೂಸಿನೊಡನೆ ಬಿಸಿಲ ಸೀಮೆಯಲ್ಲಿ

ಎಳೆಯ ಮಕ್ಕಳನ್ನೆತ್ತಿಕೊಂಡು ಗುಡ್ಡಕ್ಕೋ ಬಯಲಿಗೋ ಹೊಳೆಯ ದಂಡೆಗೋ ಹೊರಡುವುದು ಪಟ್ಟಣಿಗರ ಹೊಸ ಹವ್ಯಾಸವೆಂದು ಭಾವಿಸಿದವರು, ಎಳ್ಳಮವಾಸ್ಯೆಯ ಮುಂಜಾನೆ ಸಿರುಗುಪ್ಪದ ಸೀಮೆಯಲ್ಲಿ ಯಾವುದಾದರೊಂದು ಎರೆಹೊಲದ ಹಾದಿಯ ಬದಿಗೆ ಅರೆಗಳಿಗೆ ನಿಂತು ನೋಡಬೇಕು. ಚಕ್ಕಡಿಯಿದ್ದ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿದೆಯೆಂಬುದನ್ನುಳಿದರೆ ಅಲ್ಲಿಯ ಸಾಮಗ್ರಿಯಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಆಗಿಲ್ಲ: ರೊಟ್ಟಿ, ಪಲ್ಯ, ಮೊಸರು ಬುತ್ತಿಗಳ ಗಂಟು, ನೀರಿನ ಕೊಡ, ಹಾಸುವುದಕ್ಕೊಂದು ಕೌದಿ, ಗಿಡಕ್ಕೆ ಜೋಳಿಗೆ ಕಟ್ಟುವುದಕ್ಕೊಂದು ಹಳೆಯ ನೂಲಿನ ಸೀರೆ, ಅಜ್ಜಿಯ ತೊಡೆಯ ಮೇಲೆ ಕುಂಚಿಗೆ ತೊಟ್ಟ ಒಂದು ಕೂಸು. ಹೊಲದಲ್ಲಿ ಚರಗ ಚೆಲ್ಲಿ, ಉಂಡು, ಹೊತ್ತಿಳಿದ ಮೇಲೆ ಊರಿಗೆ ಮರಳುವ ಆ ಸಂಸಾರಗಳಲ್ಲಿ ಯಾರೂ ತಾವು ಸಾಹಸಯಾತ್ರೆ ಮಾಡಿ ಬಂದೆವೆಂದು ಹೇಳಿಕೊಳ್ಳುವುದಿಲ್ಲ. ಆದರೂ ಆರೆಂಟು ತಿಂಗಳ ಶಿಶುವೊಂದು ಇಡಿಯ ಹಗಲನ್ನು ನೆರಳು ವಿರಳವಾದ ಬಯಲಿನಲ್ಲಿ ಕಳೆದು, ಅಳದೆ ಬಾಡದೆ ನಿದ್ರಿಸುತ್ತ ಮನೆ ಸೇರುವುದು ಅಲ್ಪಕಾರ್ಯವಲ್ಲ. ಅದರ ಹಿಂದೆ ಹಲವು ತಲೆಮಾರುಗಳ ಲೆಕ್ಕಾಚಾರವುಂಟು.

ಬಳ್ಳಾರಿ ನಗರದ ತರುಣ ದಂಪತಿಗಳು ಭಾನುವಾರ ಬಂತೆಂದರೆ ಕೋಟೆಯ ಗುಡ್ಡಕ್ಕೋ, ಸಂಗನಕಲ್ಲಿನ ಕಡೆಗೋ, ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೋ, ಸಿರುಗುಪ್ಪದಲ್ಲಿ ತುಂಗಭದ್ರೆಯ ದಂಡೆಗೋ ಮಕ್ಕಳನ್ನು ಕರೆದೊಯ್ಯುವ ರೂಢಿ ಈಚೆಗೆ ಬೆಳೆದಿದೆ, ಸಂತೋಷದ ವಿಷಯವೇ. ಆದರೆ ಹೊರಡುವ ಮುನ್ನ ಅವರು ಮೊಬೈಲಿನಲ್ಲಿ ತೆರೆದು ನೋಡುವ ಸಾಮಾನುಗಳ ಪಟ್ಟಿ ಬಹುಮಟ್ಟಿಗೆ ಶೀತದೇಶಗಳಲ್ಲಿ ಹುಟ್ಟಿದುದು. ಅಲ್ಲಿಯ ತಾಯ್ತಂದೆಯರ ಚಿಂತೆಯೆಲ್ಲ ಕೂಸಿನ ಮೈಯ ಕಾವನ್ನು ಹೊರಗೆ ಹೋಗಗೊಡದೆ ಹಿಡಿದಿಡುವುದು ಹೇಗೆಂಬುದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ನಮ್ಮ ಸೀಮೆಯಲ್ಲಿ ಚಿಂತಿಸತಕ್ಕದ್ದು ಆ ಕಾವು ಹೊರಬೀಳುವುದಕ್ಕೆ ದಾರಿ ಮಾಡಿಕೊಡುವುದು ಹೇಗೆಂಬುದು. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದವನು ಅಲ್ಲಿಯ ಮುಕ್ಕಾಲು ಪಾಲು ಸರಕನ್ನು ಮುಟ್ಟದೆಯೇ ಹಿಂದಿರುಗುತ್ತಾನೆ.

ದೊಡ್ಡವರ ಮೈಗೂ ಶಿಶುವಿನ ಮೈಗೂ ಇರುವ ಅಂತರ ಗಾತ್ರದ್ದು ಮಾತ್ರವಲ್ಲ. ಶಿಶುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತೀರ್ಣ ನಮಗಿಂತ ಬಹಳ ಹೆಚ್ಚು; ಆದಕಾರಣ ಸುತ್ತಣ ಗಾಳಿ ಮೈಗಿಂತ ಬಿಸಿಯಾಗಿದ್ದಾಗ ಅದು ನಮಗಿಂತ ಬೇಗನೆ ಕಾಯುತ್ತದೆ. ಬೆವರಿ ತಣಿಯುವ ಶಕ್ತಿಯೂ ಅದಕ್ಕೆ ಕಡಿಮೆ. ಬಾಯಾರಿತೆಂದು ಹೇಳಲು ಮಾತಿಲ್ಲ, ನೆರಳಿಗೆ ಸರಿಯಲು ಕಾಲಿಲ್ಲ. ಹೀಗಿರುವಾಗ ಮೊಟ್ಟಮೊದಲ ಸಾಮಗ್ರಿ ಹೊತ್ತೇ ಹೊರತು ಬೇರೆ ಯಾವುದೂ ಅಲ್ಲವೆಂದು ನನ್ನ ಅಭಿಪ್ರಾಯ. ಬಳ್ಳಾರಿಯ ಗುಡ್ಡವೆಂದರೆ ಅಖಂಡವಾದ ಬೆಣಚುಬಂಡೆಯ ರಾಶಿ. ಸೂರ್ಯ ಮುಳುಗಿ ಬಹಳ ಹೊತ್ತಾದರೂ ಕಲ್ಲು ತಾನುಂಡ ಬಿಸಿಯನ್ನು ಕಾರುತ್ತಲೇ ಇರುತ್ತದೆ. ಆದುದರಿಂದ ಬೇಸಗೆಯ ಸಂಜೆ ತಂಪೆಂದು ನಂಬಿ ಕೂಸನ್ನು ಅಲ್ಲಿಗೆ ಹತ್ತಿಸುವುದಕ್ಕಿಂತ, ರಾತ್ರಿಯೆಲ್ಲ ಆರಿದ ಬಂಡೆಯ ಮೇಲೆ ಬೆಳಗಿನ ಆರು ಗಂಟೆಗೆ ಕಾಲಿಟ್ಟು, ಒಂಬತ್ತರೊಳಗೆ ಕೆಳಗಿಳಿಯುವುದು ಲೇಸು. ಕಾರ್ತಿಕದಿಂದ ಮಾಘದವರೆಗೆ ಈ ನಿಯಮವನ್ನು ತುಸು ಸಡಿಲಿಸಬಹುದು. ಏಪ್ರಿಲ್‌ ಮೇ ತಿಂಗಳುಗಳಲ್ಲಿ ವರ್ಷದೊಳಗಿನ ಕೂಸಿಗೆ ಗುಡ್ಡವೇ ಬೇಡ.

ಎರಡನೆಯದು ಹೊರುವ ಸಾಧನ. ಇಂದು ಲೋಕದಾದ್ಯಂತ ಮಾರಾಟವಾಗುವ ಬೇಬಿ ಕ್ಯಾರಿಯರಿನ ಚರಿತ್ರೆ ಕುತೂಹಲಕರವಾದುದು. ಅಮೆರಿಕದ ಪೀಸ್ ಕೋರಿನಲ್ಲಿ ದಾದಿಯಾಗಿ ಪಶ್ಚಿಮ ಆಫ್ರಿಕದ ಟೋಗೋ ದೇಶಕ್ಕೆ ಹೋಗಿದ್ದ ಆ್ಯನ್ ಮೂರ್ ಎಂಬಾಕೆ, ಅಲ್ಲಿಯ ತಾಯಂದಿರು ಬಟ್ಟೆಯಲ್ಲಿ ಕೂಸನ್ನು ಬೆನ್ನಿಗೆ ಬಿಗಿದುಕೊಂಡು ಸಂತೆಗೂ ಕೆಲಸಕ್ಕೂ ಹೋಗುತ್ತಿದ್ದುದನ್ನು ಕಂಡು, ತವರಿಗೆ ಮರಳಿ ತನ್ನ ಮಗುವಿಗಾಗಿ ಅಂಥದೊಂದನ್ನು ಹೊಲಿಸಿಕೊಂಡಳು. ಅದು ಸ್ನಗ್ಲಿ ಎಂಬ ಹೆಸರಿನಿಂದ ೧೯೬೯ರಲ್ಲಿ ಪೇಟೆಂಟ್ ಪಡೆಯಿತು. ಎಂದರೆ ಬಿಸಿಲುನಾಡಿನ ಬಡತಾಯಿಯ ಬಟ್ಟೆ ಚಳಿನಾಡಿಗೆ ಹೋಗಿ, ಹತ್ತಿ ತುಂಬಿದ ಪಟ್ಟಿ, ಬಕಲು, ಜೇಬುಗಳನ್ನು ಪಡೆದು, ಸಾವಿರಾರು ರೂಪಾಯಿ ಬೆಲೆಯೊಡನೆ ಮತ್ತೆ ಬಿಸಿಲುನಾಡಿಗೆ ಬಂದಿದೆ. ಬಂದುದನ್ನು ಬೇಡವೆನ್ನಬೇಕಾಗಿಲ್ಲ, ಆದರೆ ಆರಿಸುವಾಗ ಬೆನ್ನಿನ ಭಾಗ ಬಲೆಬಲೆಯಾಗಿ ಗಾಳಿಯಾಡುವಂಥದನ್ನೇ ಆರಿಸಬೇಕು. ದಪ್ಪ ಮೆತ್ತೆಯ ಕ್ಯಾರಿಯರಿನಲ್ಲಿ ಹೊತ್ತವರ ಎದೆಯ ಕಾವೂ ಕೂಸಿನ ಕಾವೂ ಕೂಡಿಕೊಂಡು ಹೋಗಲು ದಾರಿ ಕಾಣದೆ ನಿಲ್ಲುತ್ತವೆ. ಗಳಿಗೆಗೊಮ್ಮೆ ಕೂಸಿನ ಕತ್ತಿನ ಹಿಂಭಾಗಕ್ಕೆ ಕೈಯಿಟ್ಟು ನೋಡಿ, ಅಲ್ಲಿ ಬೆವರು ಕಟ್ಟಿದ್ದರೆ ನೆರಳಿನಲ್ಲಿ ಕುಳಿತು ಕೂಸನ್ನು ಬಿಚ್ಚಿ ಗಾಳಿಗೆ ಹಿಡಿಯುವುದು ಅವಶ್ಯ.

ಕ್ಯಾರಿಯರಾಗಲಿ ಸೀರೆಯಾಗಲಿ, ಕೂಸನ್ನು ಮುಂದೆ ಕಟ್ಟಿಕೊಂಡಾಗ ನೋಡತಕ್ಕ ಅಂಶಗಳು ಮೂರು ನಾಲ್ಕೇ. ಅದರ ಮುಖ ಹೊತ್ತವರಿಗೆ ಸದಾ ಕಾಣುತ್ತಿರಬೇಕು. ತುಸು ತಲೆ ಬಾಗಿಸಿದರೆ ನೆತ್ತಿಗೆ ಮುತ್ತಿಡುವಷ್ಟು ಎತ್ತರದಲ್ಲಿ ಅದಿರಬೇಕು. ಗದ್ದ ಎದೆಗೆ ತಗುಲದೆ ನಡುವೆ ಬೆರಳಿಡುವಷ್ಟಾದರೂ ಎಡೆಯಿರಬೇಕು, ಏಕೆಂದರೆ ಎಳೆಗೂಸಿನ ಶ್ವಾಸನಾಳ ಕತ್ತು ಮಡಿಚಿದರೆ ಸಾಕು, ಸದ್ದಿಲ್ಲದೆ ಮುಚ್ಚಿಹೋದೀತು. ತೊಡೆಗಳು ಅಗಲವಾಗಿ, ಮೊಣಕಾಲು ಕುಂಡಿಗಿಂತ ತುಸು ಮೇಲಾಗಿ ಕುಳಿತರೆ ಸೊಂಟದ ಕೀಲಿಗೆ ಹಿತ. ಅಲ್ಯುಮಿನಿಯಂ ಚೌಕಟ್ಟಿನ ಬೆನ್ನುಬುಟ್ಟಿ, ಯಾವ ಆಸರೆಯೂ ಇಲ್ಲದೆ ತಾನಾಗಿ ಕುಳಿತುಕೊಳ್ಳಬಲ್ಲ ಮಗುವಿಗಲ್ಲದೆ ಸಲ್ಲದು. ಕೋಟೆಯ ಮೆಟ್ಟಿಲುಗಳಲ್ಲಿ ಅದನ್ನು ಹೊತ್ತವರು ಕಮಾನಿನಡಿ ನುಸುಳುವಾಗ ಮಗುವಿನ ತಲೆ ತಮ್ಮ ತಲೆಗಿಂತ ಒಂದು ಗೇಣು ಎತ್ತರದಲ್ಲಿದೆಯೆಂಬುದನ್ನು ಮರೆಯಬಾರದು.

ಜೋಳಿಗೆಯ ವಿಚಾರವನ್ನು ಇಲ್ಲಿ ತುಸು ನಿಧಾನವಾಗಿ ಹೇಳಬೇಕಾಗಿದೆ. ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿಗೆ ಬರುವ ಹೆಣ್ಣುಮಕ್ಕಳು ಬದುವಿನ ಮೇಲಣ ಜಾಲಿಯ ಕೊಂಬೆಗೆ ಸೀರೆಯ ಎರಡು ತುದಿಗಳನ್ನು ಗಂಟಿಕ್ಕಿ, ಮೊದಲು ತಮ್ಮ ಎರಡು ಅಂಗೈಗಳಿಂದ ಒಳಗೆ ಬಲವಾಗಿ ಒತ್ತಿ ನೋಡುತ್ತಾರೆ. ಕೊಂಬೆ ಕಿರುಗುಟ್ಟದಿದ್ದರೆ ಮಾತ್ರ ಕೂಸು ಒಳಕ್ಕೆ. ಜೋಳಿಗೆಯ ತಳ ನೆಲದಿಂದ ಮೊಣಕಾಲೆತ್ತರವನ್ನು ಮೀರುವುದಿಲ್ಲ: ಬಿದ್ದರೂ ಪೆಟ್ಟಾಗಬಾರದು, ಇರುವೆಯೂ ಹತ್ತಬಾರದು. ಮುಖದ ಕಡೆಯ ಬಟ್ಟೆಯನ್ನು ಅಗಲಿಸಿ ಗಾಳಿಗೆ ದಾರಿ ಬಿಡುತ್ತಾರೆ. ಹೊತ್ತು ಏರಿದಂತೆ ನೆರಳು ಸರಿದರೆ, ಸಾಲಿನ ಕೊನೆಯನ್ನು ಮುಟ್ಟಿದ ನೆಪದಲ್ಲಿ ಎದ್ದು ಬಂದು ಜೋಳಿಗೆಯನ್ನು ಬೇರೊಂದು ಕೊಂಬೆಗೆ ಸ್ಥಳಾಂತರಿಸುತ್ತಾರೆ. ಪಟ್ಟಣದಿಂದ ವಿಹಾರಕ್ಕೆ ಬಂದವರು ಸಾವಿರಾರು ರೂಪಾಯಿಯ ಮಡಿಚುವ ತೊಟ್ಟಿಲನ್ನು ಬಿಡಿಸುವ ವಿಧಾನವನ್ನು ಕಾಗದದಲ್ಲಿ ಓದುತ್ತಿರುವಷ್ಟರಲ್ಲಿ ಇಲ್ಲಿ ಕೂಸು ಒಂದು ನಿದ್ದೆ ಮುಗಿಸಿರುತ್ತದೆ. ಆದರೆ ಜೋಳಿಗೆ ಕಣ್ಣಳತೆಯೊಳಗಿದ್ದರೆ ಮಾತ್ರ ಕ್ಷೇಮ. ಎದ್ದು ಕೂರಲು ಕಲಿತ ಮಗುವಿಗೆ ಅದು ಸಲ್ಲದು, ಏಕೆಂದರೆ ಹೊರಳಿ ಬೀಳುವ ಭಯವೂ ಬಟ್ಟೆ ಕೊರಳಿಗೆ ಸುತ್ತಿಕೊಳ್ಳುವ ಭಯವೂ ಉಂಟು.

ಸ್ಟ್ರಾಲರೆಂಬ ಕೂಸಿನ ಗಾಡಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಯುದ್ಧವಿಮಾನದ ಗಾಲಿಗಳ ಮಡಿಚುವ ಜೋಡಣೆಯಲ್ಲಿ ನುರಿತಿದ್ದ ಓವೆನ್ ಮೆಕ್ಲಾರೆನ್ ಎಂಬ ಇಂಗ್ಲಿಷ್ ಎಂಜಿನಿಯರು ೧೯೬೫ರಲ್ಲಿ ಕೊಡೆಯಂತೆ ಮಡಿಚಬಹುದಾದ ಹಗುರ ಗಾಡಿಯನ್ನು ನಿರ್ಮಿಸಿದನು. ಅದು ನುಣುಪಾದ ಕಾಲುದಾರಿಗಳ ನಾಡಿಗೆ ಒಪ್ಪುವ ವಸ್ತು. ನಮ್ಮಲ್ಲಿ ವಸ್ತುಸಂಗ್ರಹಾಲಯದ ನೆಲದ ಮೇಲೆ, ದೇವಾಲಯದ ಹೊರಗಣ ಚಪ್ಪಡಿ ಹಾಸಿದ ಅಂಗಳದಲ್ಲಿ ಅದು ಓಡೀತು. ಗುಡ್ಡದ ಮೆಟ್ಟಿಲಿನಲ್ಲಿ ತಂದೆಯ ಹೆಗಲೇರಿ ಹೋಗುವುದು ಕೂಸಲ್ಲ, ಗಾಡಿ. ಬಿಸಿಲು ಬೀಳದಿರಲೆಂದು ಅದರ ಮೇಲೆ ಟವೆಲನ್ನೋ ಸೀರೆಯ ಸೆರಗನ್ನೋ ಇಳಿಬಿಡುವವರಿದ್ದಾರೆ; ತೆಳುವಾದ ಬಟ್ಟೆಯಾದರೂ ಒಳಗಿನ ಗಾಳಿ ನಿಂತು ಕಾದು ಒಲೆಯಾಗುತ್ತದೆ, ಕೂಸಿನ ಮುಖವೂ ಕಾಣದಾಗುತ್ತದೆ.

ಉಡುಪಿನ ವಿಷಯದಲ್ಲಿ ನಮ್ಮ ಕುಂಚಿಗೆ ಸಾಮಾನ್ಯವಾದ ರಚನೆಯಲ್ಲ: ತಲೆ, ಕಿವಿ, ಕತ್ತು, ಬೆನ್ನುಗಳನ್ನು ಒಂದೇ ಬಟ್ಟೆ ಮುಚ್ಚಿ, ಮುಖವನ್ನು ಬಿಟ್ಟು, ಕೆಳಗೆ ಸಡಿಲವಾಗಿ ಇಳಿಯುತ್ತದೆ. ಜರಿಯಂಚಿನ ರೇಷ್ಮೆಯ ಕುಂಚಿಗೆ ತೊಟ್ಟಿಲ ಸಮಾರಂಭಕ್ಕಿರಲಿ; ಹೊರಸಂಚಾರಕ್ಕೆ ತೆಳುವಾದ ಬಿಳಿಯ ನೂಲಿನದು, ಅಸ್ತರಿಲ್ಲದುದು, ಬೇಕು. ನಡೆದಾಡುವ ಮಗುವಿಗೆ ಅಗಲ ಅಂಚಿನ ಬಟ್ಟೆಯ ಟೊಪ್ಪಿಗೆ, ಮೊಣಕೈ ಮುಚ್ಚುವ ಸಡಿಲ ಅಂಗಿ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಲೇಪನವನ್ನು ವೈದ್ಯರು ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೆ ನೆರಳೇ ಲೇಪನ. ಬಂಡೆಯ ಮೇಲೆ ಬರಿಗಾಲಿನಲ್ಲಿ ಬಿಡುವ ಮುನ್ನ ನಿಮ್ಮ ಅಂಗೈಯ ಹಿಂಭಾಗವನ್ನು ಐದು ಎಣಿಸುವವರೆಗೆ ಕಲ್ಲಿಗೆ ಒತ್ತಿ ಹಿಡಿಯಿರಿ. ನಿಮಗೆ ಸಹಿಸಲಾಗದಿದ್ದರೆ ಅದರ ಎಳೆಯ ಅಂಗಾಲಿಗೂ ಸಹ್ಯವಲ್ಲ. ಬೆರಳು ಮುಚ್ಚುವ ಪಾದರಕ್ಷೆ ಇನ್ನೊಂದು ಕಾರಣಕ್ಕೂ ಬೇಕು. ನಮ್ಮ ಕಲ್ಲುಗುಂಡುಗಳ ಸಂದಿಗಳು ಚೇಳಿನ ತವರು. ಕೆಂಪು ಚೇಳು ಕುಟುಕಿದ ಮಗು ವಿಪರೀತವಾಗಿ ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಮಂತ್ರ ಹಾಕಿಸುವವರನ್ನು ಹುಡುಕದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಧಾವಿಸಬೇಕು. ಮಹಾರಾಷ್ಟ್ರದ ಮಹಾಡದಲ್ಲಿ ವೈದ್ಯರಾದ ಹಿಮ್ಮತರಾವ್ ಬಾವಸ್ಕರರು ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯಿಂದ ಈ ವಿಷದ ಸಾವನ್ನು ತಡೆಯಬಹುದೆಂದು ತೋರಿಸಿಕೊಟ್ಟು ದಶಕಗಳೇ ಸಂದಿವೆ. ಹಾವಿನ ಕಡಿತವಾದರೂ ಅಷ್ಟೆ: ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು, ಮೂರೂ ಕೂಡದು, ಕಡಿತವಾದ ಅಂಗವನ್ನು ಅಲುಗಿಸದೆ ಕರೆದೊಯ್ಯಬೇಕು.

ಇನ್ನು ನೀರು. ಆರು ತಿಂಗಳು ತುಂಬದ, ಎದೆಹಾಲನ್ನೇ ಕುಡಿಯುವ ಕೂಸಿಗೆ ಎಂಥ ಬೇಸಗೆಯಲ್ಲಿಯೂ ಬೇರೆ ನೀರು ಬೇಕಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಕಾದುದು ಪದೇ ಪದೇ ಹಾಲೂಡುವುದು, ಮತ್ತು ಊಡುವ ತಾಯಿ ತಾನು ಹೊಟ್ಟೆತುಂಬ ನೀರು ಕುಡಿಯುವುದು. ಆದುದರಿಂದ ಕೂಸಿನ ಸಾಮಾನಿನಲ್ಲಿ ಮೊದಲು ಸೇರತಕ್ಕದ್ದು ತಾಯಿಯ ನೀರಿನ ಪಾತ್ರೆ, ಜೊತೆಗೆ ಆಕೆ ಸಂಕೋಚವಿಲ್ಲದೆ ಕುಳಿತು ಹಾಲೂಡಲು ಒಂದು ಹಗುರ ಮೇಲ್ಹೊದಿಕೆ. ದೊಡ್ಡ ಮಕ್ಕಳಿಗೆ ಕಾಸಿ ಆರಿಸಿದ ನೀರು ಯಥೇಚ್ಛವಾಗಿರಲಿ. ನಮ್ಮ ಒಕ್ಕಲಿಗರು ಹೊಲಕ್ಕೊಯ್ಯುತ್ತಿದ್ದ ಮಣ್ಣಿನ ತತ್ರಾಣಿಯ ಮೈಯಿಂದ ನೀರು ಸೂಕ್ಷ್ಮವಾಗಿ ಒಸರಿ ಆವಿಯಾಗುವಾಗ ಒಳಗಿನ ಬಿಸಿಯನ್ನು ಕೊಂಡೊಯ್ಯುತ್ತಿತ್ತು. ಒಡೆಯುವ ಭಯವಿದ್ದವರು ಸ್ಟೀಲಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗಿಟ್ಟರೆ ನಮ್ಮ ಒಣಹವೆಯಲ್ಲಿ ಅದೇ ಕಾರ್ಯ ಸಾಗುತ್ತದೆ. ಕಾರಿನ ಸೀಟಿನ ಮೇಲೆ ಕಾದ ಪ್ಲಾಸ್ಟಿಕ್ಕಿನ ಬಾಟಲಿಯ ನೀರನ್ನು ಮಗು ದೂರ ತಳ್ಳಿದರೆ ಅದರದ್ದೇ ಸರಿ.

ಓಆರ್‌ಎಸ್ ಪೊಟ್ಟಣ ಎರಡಾದರೂ ಚೀಲದಲ್ಲಿರಬೇಕು. ೧೯೭೧ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವ ತೀರಿಹೋದಾಗ, ವೈದ್ಯ ದಿಲೀಪ್ ಮಹಲನೋಬಿಸ್ ಉಪ್ಪು, ಗ್ಲೂಕೋಸು, ಸೋಡಗಳ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಅಸಂಖ್ಯ ಪ್ರಾಣಗಳನ್ನು ಉಳಿಸಿದರು. ಗ್ಲೂಕೋಸು ಇದ್ದಾಗ ಕರುಳು ಉಪ್ಪನ್ನೂ ಅದರ ಬೆನ್ನಿಗೆ ನೀರನ್ನೂ ಹೀರಿಕೊಳ್ಳುತ್ತದೆಂಬುದೇ ಇದರ ತತ್ತ್ವ. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರು ನೀರು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಕಲಸಿದ್ದನ್ನು ೨೪ ಗಂಟೆಯ ಮೇಲೆ ಇಡುವಂತಿಲ್ಲ. ಆ ಮೂರಕ್ಷರವನ್ನು ಹಣೆಗೆ ಬರೆದುಕೊಂಡು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳ ಮೇಲೆ ೨೦೨೫ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿರ್ಬಂಧ ಹೇರಿತು; ಅವುಗಳಲ್ಲಿ ಸಕ್ಕರೆ ಮಿತಿಮೀರಿದ್ದು ಭೇದಿಯನ್ನು ಹೆಚ್ಚಿಸುವ ಸಂಭವವಿತ್ತು.

ಬುತ್ತಿಯಲ್ಲಿ ಬಾಳೆಹಣ್ಣಿಗೆ ಮಿಗಿಲಾದುದಿಲ್ಲ: ಸಿಪ್ಪೆಯೇ ಅದರ ಡಬ್ಬಿ. ಮೊಸರನ್ನವನ್ನು ಕೂಸಿಗೆಂದು ಕಟ್ಟಿದ್ದರೆ, ಮೂವತ್ತೆರಡು ಡಿಗ್ರಿಯನ್ನು ಮೀರಿದ ಬಿಸಿಲಿನಲ್ಲಿ ಒಂದು ಗಂಟೆಯೊಳಗೆ ತಿನ್ನಿಸಿ ಮುಗಿಸಬೇಕು. ಶೇಂಗಾ, ಪುಟಾಣಿ, ಕಡ್ಲೆಕಾಳು ನಮ್ಮ ಸೀಮೆಯ ಪ್ರಯಾಣದ ಒಡನಾಡಿಗಳೇನೋ ನಿಜ. ಆದರೆ ನಾಲ್ಕು ವರ್ಷ ತುಂಬದ ಮಗುವಿನ ಗಂಟಲಿಗೆ ಇಡಿಯ ಕಾಳು ಮೃತ್ಯುಪ್ರಾಯವಾದುದು, ಅದರಲ್ಲಿಯೂ ಗಾಡಿ ಕುಲುಕಾಡುವಾಗ. ಶೇಂಗಾ ಹಿಂಡಿಯನ್ನು ಮೆತ್ತಗಿನ ರೊಟ್ಟಿಗೆ ಸವರಿ ಕೊಡಬಹುದು. ಪೂಜ್ಯ ಅಜ್ಜಿಯರು ಕ್ಷಮಿಸಬೇಕು, ವರ್ಷದೊಳಗಿನ ಕೂಸಿನ ನಾಲಗೆಗೆ ಜೇನು ಸೋಕಿಸುವುದನ್ನು ಕೈಬಿಡಲೇಬೇಕು. ಜೇನಿನಲ್ಲಿ ಅಡಗಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಗಳನ್ನು ಎದುರಿಸುವ ಶಕ್ತಿ ಆ ಕರುಳಿಗೆ ಬಂದಿರುವುದಿಲ್ಲ.

ಸಂಗನಕಲ್ಲಿಗೆ ಹೋದವರು ಕುಪ್ಗಲ್ಲಿನ ಗುಡ್ಡದ ಕಪ್ಪುಕಲ್ಲುಗಳನ್ನು ಮಕ್ಕಳಿಗೆ ತೋರಿಸದೆ ಬರುವುದಿಲ್ಲ. ತಟ್ಟಿದರೆ ಕಂಚಿನಂತೆ ನುಡಿಯುವ ಆ ಡಾಲರೈಟ್ ಬಂಡೆಗಳ ಮೇಲೆ ಪುರಾತನರು ತಟ್ಟಿ ತಟ್ಟಿ ಮಾಡಿದ ಕುಳಿಗಳಿವೆ. ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಲು ಕಲಿಸಿರಿ, ಕಲ್ಲು ಕೊಡಬೇಡಿ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿದ, ಬಿ. ಸುಬ್ಬರಾವ್ ಉತ್ಖನನ ಮಾಡಿ ೧೯೪೮ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಈ ನೆಲೆಗಳೂ, ೧೯೬೦ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಗೆದ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯೂ ಗುಡ್ಡದ ಮೇಲೆ ಸಂಸಾರ ಹೂಡಿದ ಜನರವು. ದಕ್ಷಿಣದ ನವಶಿಲಾಯುಗದವರು ತೀರಿಕೊಂಡ ಶಿಶುಗಳನ್ನು ಮಡಕೆಯಲ್ಲಿಟ್ಟು ತಮ್ಮ ಮನೆಯ ನೆಲದಡಿಯಲ್ಲಿಯೇ ಹೂಳುತ್ತಿದ್ದರು. ಇದೇ ಬಿಸಿಲು, ಇದೇ ಕಲ್ಲು, ಇದೇ ಚೇಳುಗಳ ನಡುವೆ ನಾಲ್ಕು ಸಾವಿರ ವರ್ಷಗಳ ಹಿಂದೆ ಮಕ್ಕಳನ್ನು ಸಾಕಿದವರಿಗೆ ಎಷ್ಟು ಮಕ್ಕಳು ಉಳಿಯುತ್ತಿದ್ದುವೋ! ನಗರದಲ್ಲಿ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಬಿಸಿಲೇರಿದ ಮೇಲೆ ಅದು ಮಕ್ಕಳಿಗೆ ಉತ್ತಮ ಆಶ್ರಯ.

ತುಂಗಭದ್ರೆಯ ವಿಷಯದಲ್ಲಿ ನನಗೆ ಸೌಮ್ಯವಾಗಿ ಬರೆಯಲು ಬರುವುದಿಲ್ಲ. ಸಂಕ್ರಾಂತಿಯ ಸ್ನಾನಕ್ಕೆ ದಂಡೆಯಲ್ಲಿ ನೆರೆಯುವ ಜನಕ್ಕೆ ನದಿ ತಮ್ಮ ಊರಿನ ನೆಂಟಳಂತೆ ತೋರುತ್ತಾಳೆ; ಆದರೆ ಆಕೆಯ ನೀರಿನ ಮಟ್ಟವನ್ನು ನಿರ್ಧರಿಸುವುದು ನಮ್ಮ ಆಕಾಶವಲ್ಲ, ಮೇಲಣ ಜಲಾಶಯದ ೩೩ ಬಾಗಿಲುಗಳು. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಬಾಗಿಲಿನ ಸರಪಳಿ ತುಂಡಾಗಿ ನೀರು ನುಗ್ಗಿದಾಗ, ಕೆಳಗಿನ ದಂಡೆಯವರನ್ನು ಎಚ್ಚರಿಸಬೇಕಾಯಿತು. ಮೊಸಳೆಗಳೂ ಈ ಹೊಳೆಯ ನಿವಾಸಿಗಳೇ. ಹರಿಗೋಲು ಹತ್ತುವ ಮಗುವಿಗೆ ಅದರ ತೂಕಕ್ಕೆ ತಕ್ಕ, ತೊಡೆಸಂದಿಯಲ್ಲಿ ಪಟ್ಟಿಯುಳ್ಳ ಲೈಫ್ ಜಾಕೆಟ್ ತೊಡಿಸದೆ ಹತ್ತಿಸಬಾರದು. ಆ ಪಟ್ಟಿಯಿಲ್ಲದಿದ್ದರೆ ಮಗು ಕೆಳಕ್ಕೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ. ಗಾಳಿ ತುಂಬುವ ತೋಳಪಟ್ಟಿ, ಬಣ್ಣದ ಟ್ಯೂಬುಗಳು ಆಟಿಕೆಗಳು, ರಕ್ಷಣೆಯಲ್ಲ. ಎದೆಹಾಲು ಕುಡಿಯುವ ಕೂಸನ್ನು ಹರಿಗೋಲಿಗೆ ಕರೆದೊಯ್ಯುವುದೇ ಬೇಡ. ಹೊಳೆಗಿಂತಲೂ ನನಗೆ ಹೆಚ್ಚು ಭಯ ಕಾಲುವೆಗಳದು: ಇಳಿಜಾರು ಕಾಂಕ್ರೀಟಿನ ದಡ ಪಾಚಿಗಟ್ಟಿ, ಜಾರಿದವನಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಕಾಲುವೆಯ ಏರಿಯ ಮೇಲೆ ಚಾಪೆ ಹಾಸುವ ಪದ್ಧತಿಯನ್ನು ನಾನಂತೂ ಒಪ್ಪುವುದಿಲ್ಲ.

ಕಾಲುವೆಯ ನೀರು ಭತ್ತವನ್ನೂ, ಭತ್ತದ ಗದ್ದೆ ಸೊಳ್ಳೆಯನ್ನೂ ತಂದಿವೆ. ಬಳ್ಳಾರಿ ಜಿಲ್ಲೆ ಜಪಾನೀಸ್ ಮೆದುಳುಜ್ವರದ ಸೀಮೆಯಾದುದರಿಂದ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ ಕೊಡುವ ಲಸಿಕೆ ತಪ್ಪಿಲ್ಲವೆಂಬುದನ್ನು ತಾಯಿಕಾರ್ಡಿನಲ್ಲಿ ನೋಡಿಕೊಳ್ಳಬೇಕು. ರೋಗ ಹರಡುವ ಸೊಳ್ಳೆ ಮುಸ್ಸಂಜೆಯಿಂದ ಕಚ್ಚುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಸೊಳ್ಳೆಯ ಮುಲಾಮು ಸಲ್ಲದು, ಪರದೆಯೇ ಗತಿ.

ಇಷ್ಟೆಲ್ಲ ಹೊಂದಿಸಿಕೊಂಡವರು ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೊರಟರೆ ಏನೆನ್ನೋಣ! ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು ೩೦ ಕಿಲೋಮೀಟರು. ಆ ದಾರಿಯಲ್ಲಿ ನಿದ್ದೆಹತ್ತಿದ ಮಗುವಿನ ತಲೆ ಹ್ಯಾಂಡಲಿನತ್ತ ವಾಲುವುದನ್ನು ಕಾಣದವರಾರು? ಕೇಂದ್ರ ಸರ್ಕಾರ ೨೦೨೨ರ ಫೆಬ್ರವರಿಯಲ್ಲಿ ಪ್ರಕಟಿಸಿ ಮರುವರ್ಷ ಜಾರಿಗೆ ತಂದ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಒಯ್ಯುವಾಗ ಸವಾರನಿಗೆ ಮಗುವನ್ನು ಬಿಗಿಯುವ ಅಂಗಿಯಾಕಾರದ ಪಟ್ಟಿ ಬೇಕು, ಒಂಬತ್ತು ತಿಂಗಳು ತುಂಬಿದ ಮಗುವಿಗೆ ಅದರ ತಲೆಯಳತೆಯ ಹೆಲ್ಮೆಟ್ ಬೇಕು, ವೇಗ ಗಂಟೆಗೆ ೪೦ ಕಿಲೋಮೀಟರನ್ನು ಮೀರಬಾರದು. ಒಂಬತ್ತು ತಿಂಗಳು ತುಂಬದ ಕೂಸಿನ ಕತ್ತು ಹೆಲ್ಮೆಟ್ಟಿನ ಭಾರವನ್ನು ತಾಳದು. ಅದಕ್ಕೆ ಬಸ್ಸೇ ವಾಹನ. ಕಾರಿನವರಿಗೊಂದು ಮಾತು: ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರುತ್ತದೆ, ಗಾಜನ್ನು ತುಸು ಇಳಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಮಲಗಿದ ಮಗುವನ್ನು ಎಬ್ಬಿಸಲು ಮನಸ್ಸಾಗದೆ ಒಳಗೇ ಬಿಟ್ಟು ಐದು ನಿಮಿಷದ ದರ್ಶನಕ್ಕೆ ಹೋಗುವುದು ಕೂಡದು.

ಒಯ್ದ ಡೈಪರುಗಳನ್ನು ಗಂಟುಕಟ್ಟಿ ಮನೆಗೆ ತರುವುದಕ್ಕೆ ಒಂದು ಚೀಲ ಬೇರೆಯಿರಲಿ. ಕೋಟೆಯ ಬುರುಜು ಅವುಗಳ ಸ್ಥಾನವಲ್ಲ. ಇನ್ನು ದೊಡ್ಡಬಸವೇಶ್ವರನ ತೇರಿನಂಥ ಜನಸಮ್ಮರ್ದಕ್ಕೆ ಹೋಗುವವರು ಮಗುವಿನ ಮುಂಗೈಯ ಒಳಮಗ್ಗುಲಲ್ಲಿ ತಂದೆತಾಯಿಗಳ ದೂರವಾಣಿ ಸಂಖ್ಯೆಯನ್ನು ಅಳಿಸದ ಶಾಯಿಯಿಂದ ಬರೆದು, ಹೊರಡುವ ಮೊದಲು ಆ ದಿನದ ಉಡುಪಿನಲ್ಲಿಯೇ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಚೀಟಿ ಬರೆದು ಜೇಬಿಗೆ ಹಾಕುವ ಪದ್ಧತಿ ನಂಬತಕ್ಕದ್ದಲ್ಲ. ಎರಡು ವರ್ಷದ ಮಗು ಜೇಬಿನಲ್ಲಿ ಸಿಕ್ಕ ಕಾಗದವನ್ನು ಮೊದಲು ಬಾಯಿಗೆ ಹಾಕಿ ನೋಡುತ್ತದೆ.